ಭೂಮಿ ಕೊಟ್ಟವರ ಪಕ್ಷಕ್ಕೆ ಮತ ಏಕೆ ಬೀಳಲಿಲ್ಲ? ದೇವರಾಜ ಅರಸು ಕುರಿತ ಪ್ರಶ್ನೆಗೆ ಒಂದು ಉತ್ತರ

ಪ್ರಶ್ನೆ: ನಮ್ಮ ಅಜ್ಜ ದಕ್ಷಿಣ ಕನ್ನಡದ ಒಂದು ಹಳ್ಳಿಯಲ್ಲಿ ಚಾಲಗೇಣಿ (ವರ್ಷ ವರ್ಷದ ಗೇಣಿ) ಒಕ್ಕಲಾಗಿದ್ದರು. ಡಿಕ್ಲರೇಷನ್, ಅಂದರೆ ಭೂಮಿಯ ಹಕ್ಕು ಕೋರುವ ಅರ್ಜಿ, ಕೊಟ್ಟ ಮೇಲೆ ಗೇಣಿಯ ಗದ್ದೆ ನಮ್ಮ ಸ್ವಂತದ್ದಾಯಿತು. ಮನೆಯ ಚಾವಡಿಯಲ್ಲಿ ದೇವರಾಜ ಅರಸು ಅವರ ಚಿತ್ರ ಇಂದಿಗೂ ಇದೆ. ಆದರೆ 1980ರ ಚುನಾವಣೆಯಲ್ಲಿ ತಾವು ಮತ ಹಾಕಿದ್ದು ಅರಸರ ಪಕ್ಷಕ್ಕಲ್ಲ, ಇಂದಿರಾ ಗಾಂಧಿಯವರ ‘ಕೈ’ಗೆ ಎಂದು ಅಜ್ಜನೇ ಹೇಳುತ್ತಿದ್ದರು. ಸಂಖ್ಯಾಬಲವಿಲ್ಲದ ಸಮುದಾಯದಿಂದ ಬಂದ ಅರಸು ಅಷ್ಟು ಎತ್ತರಕ್ಕೆ ಏರಿದ್ದು ಹೇಗೆ? ಭೂಸುಧಾರಣೆ ನಿಜವಾಗಿ ಅವರದೋ, ದೆಹಲಿಯದೋ? ಭೂಮಿ ಪಡೆದವರೇ ಅವರನ್ನು ಕೈಬಿಟ್ಟದ್ದು ಕೃತಘ್ನತೆಯಲ್ಲವೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. ನಿಮ್ಮ ಅಜ್ಜನ ಮತದಲ್ಲಿ ಕೃತಘ್ನತೆ ಇತ್ತೆಂದು ನನಗೆ ಅನ್ನಿಸುವುದಿಲ್ಲ. 1978ರ ಫೆಬ್ರವರಿಯಲ್ಲಿ ಊರೂರು ತಿರುಗಿ ‘ಕೈ’ ಗುರುತಿಗೆ ಮತ ಕೊಡಿ ಎಂದು ಕೇಳಿಕೊಂಡವರು ಸ್ವತಃ ಅರಸು ಅವರೇ. ಎರಡು ವರ್ಷ ತುಂಬುವುದರೊಳಗೆ ಅದೇ ಗುರುತನ್ನು ತಿರಸ್ಕರಿಸಿ ಎಂದು ಅವರು ಹೇಳಬೇಕಾಗಿ ಬಂದಾಗ, ಮೊದಲ ಮಾತನ್ನು ನಂಬಿದವರು ಎರಡನೆಯದನ್ನು ನಂಬಲಿಲ್ಲ, ಅಷ್ಟೆ. ಅರಸು ಜನರಿಗೆ ಒಂದು ಕಾನೂನನ್ನೂ ಆ ಕಾನೂನು ನಡೆಯುವ ವ್ಯವಸ್ಥೆಯನ್ನೂ ಕೊಟ್ಟರು. ಆದರೆ ತಮ್ಮದೇ ಆದ ಒಂದು ಪಕ್ಷವನ್ನು ಕಟ್ಟಿಕೊಡಲಿಲ್ಲ. ಕಟ್ಟಲು ಹೊರಟಾಗ ಕಾಲ ಮಿಂಚಿತ್ತು. ಅವರ ಏರಿಕೆಯನ್ನೂ ಇಳಿತವನ್ನೂ ನಾನು ಈ ಒಂದು ಸಂಗತಿಯ ಸುತ್ತಲೇ ವಿವರಿಸಲು ಯತ್ನಿಸುತ್ತೇನೆ.

ಅರಸು ಹುಟ್ಟಿದ್ದು 1915ರ ಆಗಸ್ಟ್ 20ರಂದು, ಮೈಸೂರು ಜಿಲ್ಲೆ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯಲ್ಲಿ. ಮೈಸೂರಿನ ಅರಸು ವಿದ್ಯಾರ್ಥಿನಿಲಯದಲ್ಲಿದ್ದು ಓದಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎಸ್‌ಸಿ. ಮುಗಿಸಿ, ಉದ್ಯೋಗ ಹಿಡಿಯದೆ ಹಳ್ಳಿಗೆ ಮರಳಿ ಬೇಸಾಯಕ್ಕೆ ನಿಂತರು. ಅರಮನೆಯ ನೆಂಟಸ್ತಿಕೆಯ ಕುಲವೆಂಬ ಹೆಸರಿದ್ದರೂ ಅವರ ಯೌವನ ಕಳೆದದ್ದು ಹೊಲದಲ್ಲಿ ಮತ್ತು ಗರಡಿಮನೆಯಲ್ಲಿ. 1941ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಆಯ್ಕೆಯಾದರು. ಮರುವರ್ಷ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಸೆರೆಮನೆ ಕಂಡರು. ಸ್ವಾತಂತ್ರ್ಯಾನಂತರದ ಮೊದಲ ಮಹಾಚುನಾವಣೆಯಲ್ಲಿ, ಅಂದರೆ 1952ರಲ್ಲಿ, ಹುಣಸೂರಿನಿಂದ ವಿಧಾನಸಭೆಗೆ ಬಂದರು. ಅಂದಿನಿಂದ ಹುಣಸೂರು ಎಂದರೆ ಅರಸು ಎಂಬಂತಾಯಿತು.

ಮುಂದಿನ ಎರಡು ದಶಕಗಳನ್ನು ಅವರ ಜೀವನಚರಿತ್ರೆ ಬರೆಯುವವರು ಬೇಗ ದಾಟಿಬಿಡುತ್ತಾರೆ. ನನ್ನ ಮಟ್ಟಿಗೆ ಅದೇ ಅವರ ಶಿಕ್ಷಣದ ಕಾಲ. 1956ರ ಏಕೀಕರಣದ ಬಳಿಕ ರಾಜ್ಯದ ಅಧಿಕಾರ ಎರಡು ದೊಡ್ಡ ಸಮುದಾಯಗಳ ನಡುವಿನ ಲೆಕ್ಕಾಚಾರವಾಗಿತ್ತು. 1956ರಿಂದ 1971ರವರೆಗೆ ಮುಖ್ಯಮಂತ್ರಿಗಳಾದ ಎಸ್. ನಿಜಲಿಂಗಪ್ಪ, ಬಿ.ಡಿ. ಜತ್ತಿ, ಎಸ್.ಆರ್. ಕಂಠಿ, ವೀರೇಂದ್ರ ಪಾಟೀಲ ಎಲ್ಲರೂ ಲಿಂಗಾಯತರು. ಹಳೆಯ ಮೈಸೂರಿನ ಒಕ್ಕಲಿಗ ನಾಯಕರು ಅವರೊಂದಿಗೆ ಅಧಿಕಾರ ಹಂಚಿಕೊಂಡಿದ್ದರು. ಅರಸು ಸಮುದಾಯವಾದರೋ ಯಾವ ಕ್ಷೇತ್ರದ ಫಲಿತಾಂಶವನ್ನೂ ತಾನಾಗಿ ಬದಲಿಸಲಾಗದಷ್ಟು ಚಿಕ್ಕದು. ಇಂಥ ಮನುಷ್ಯನನ್ನು ಮಂತ್ರಿ ಮಾಡಿದರೆ ಯಾರಿಗೂ ಭಯವಿಲ್ಲ ಎಂಬ ಕಾರಣಕ್ಕೇ ಅರಸು ಮಂತ್ರಿಮಂಡಲಗಳಲ್ಲಿ ಸ್ಥಾನ ಪಡೆದರು ಎನ್ನಬಹುದು. ನಿಜಲಿಂಗಪ್ಪನವರ ಸಂಪುಟದಲ್ಲಿ ಸಾರಿಗೆ, ಕಾರ್ಮಿಕ, ರೇಷ್ಮೆ ಮೊದಲಾದ ಖಾತೆಗಳನ್ನು ನೋಡಿಕೊಂಡರು. ಎರಡನೆಯ ಸಾಲಿನಲ್ಲಿ ಕುಳಿತವನಿಗೆ ಮೊದಲ ಸಾಲಿನವರ ಬೆನ್ನು ಚೆನ್ನಾಗಿ ಕಾಣುತ್ತದೆ. ಯಾವ ತಾಲ್ಲೂಕಿನಲ್ಲಿ ಯಾರು ಯಾರ ಕೆಳಗಿದ್ದಾರೆ, ಯಾರಿಗೆ ಎಂದೂ ಟಿಕೆಟ್ ಸಿಕ್ಕಿಲ್ಲ, ಯಾವ ಜಾತಿಯ ಹುಡುಗ ವಕೀಲಿ ಓದಿಯೂ ಜಗಲಿಯಲ್ಲೇ ನಿಂತಿದ್ದಾನೆ ಎಂಬ ವಿವರ ಅವರಿಗೆ ಬಾಯಿಪಾಠವಾದದ್ದು ಈ ಕಾಲದಲ್ಲಿ.

ಬಾಗಿಲು ತೆರೆದದ್ದು 1969ರಲ್ಲಿ. ಆ ವರ್ಷದ ಜುಲೈಯಲ್ಲಿ ಬೆಂಗಳೂರಿನಲ್ಲಿ ನಡೆದ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ (ಎ.ಐ.ಸಿ.ಸಿ.) ಅಧಿವೇಶನದಲ್ಲಿ ಇಂದಿರಾ ಗಾಂಧಿಯವರಿಗೂ ಪಕ್ಷದ ಹಿರಿಯರಿಗೂ ಬಿದ್ದ ಬಿರುಕು ನವೆಂಬರ್ ಹೊತ್ತಿಗೆ ಪಕ್ಷವನ್ನೇ ಸೀಳಿತು. ಎದುರು ಬಣದ ಅಧ್ಯಕ್ಷರು ನಮ್ಮವರೇ ಆದ ನಿಜಲಿಂಗಪ್ಪ. ರಾಜ್ಯದ ಮುಖ್ಯಮಂತ್ರಿ ವೀರೇಂದ್ರ ಪಾಟೀಲರು ಅವರ ಜೊತೆ. ಶಾಸಕರ ಬಹುಪಾಲು ಅವರ ಹಿಂದೆ. ಇಂದಿರಾ ಅವರಿಗೆ ಈ ರಾಜ್ಯದಲ್ಲಿ ನಿಲ್ಲಲು ಒಂದು ನೆಲೆ ಬೇಕಾಗಿತ್ತು, ಅರಸು ಅವರಿಗೆ ಮೇಲೇರಲು ಒಂದು ಏಣಿ ಬೇಕಾಗಿತ್ತು. ಅಲ್ಪಸಂಖ್ಯೆಯ ಸಂಗಡಿಗರೊಂದಿಗೆ ಅವರು ಇಂದಿರಾ ಬಣವನ್ನು ಇಲ್ಲಿ ಕಟ್ಟಿದರು. 1971ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 27 ಸ್ಥಾನಗಳಲ್ಲಿ 27 ಕೂಡ ಆ ಬಣಕ್ಕೆ ಬಂದವು. ಪಾಟೀಲರ ಸರ್ಕಾರ ಉರುಳಿ ರಾಷ್ಟ್ರಪತಿ ಆಳ್ವಿಕೆ ಬಂತು. 1972ರ ವಿಧಾನಸಭಾ ಚುನಾವಣೆಯಲ್ಲಿ 216ರಲ್ಲಿ 165 ಸ್ಥಾನ ಗೆದ್ದು, ಮಾರ್ಚ್ 20ರಂದು ಅರಸು ಮುಖ್ಯಮಂತ್ರಿಯಾದರು.

ಇಲ್ಲಿ ನಿಮ್ಮ ಮೊದಲ ಪ್ರಶ್ನೆಗೆ ಉತ್ತರವಿದೆ. ದೊಡ್ಡ ಸಮುದಾಯಗಳ ಹಿರಿಯ ನಾಯಕರೆಲ್ಲ ಎದುರು ಪಾಳಯದಲ್ಲಿದ್ದುದರಿಂದ ಟಿಕೆಟ್ ಹಂಚುವಾಗ ಅರಸು ಅವರ ಕೈ ಕಟ್ಟುವವರು ಯಾರೂ ಇರಲಿಲ್ಲ. ಅಲ್ಲಿಯವರೆಗೆ ಸಭೆಯಲ್ಲಿ ಕುರ್ಚಿ ಹಾಕಲಷ್ಟೇ ಕರೆಯಲಾಗುತ್ತಿದ್ದ ಸಣ್ಣ ಸಣ್ಣ ಸಮುದಾಯಗಳ, ದಲಿತರ, ಮುಸ್ಲಿಮರ ಯುವಕರಿಗೆ ಅವರು ಕ್ಷೇತ್ರಗಳನ್ನು ಕೊಟ್ಟರು. ಗುರುಮಠಕಲ್‌ನಿಂದ ಮಲ್ಲಿಕಾರ್ಜುನ ಖರ್ಗೆ, ಕಾರ್ಕಳದಿಂದ ವೀರಪ್ಪ ಮೊಯಿಲಿ ಮೊದಲ ಸಲ ವಿಧಾನಸಭೆಗೆ ಬಂದದ್ದು ಆ ಚುನಾವಣೆಯಲ್ಲಿ. ಹಾಗೆಂದು ಅರಸು ದೊಡ್ಡ ಸಮುದಾಯಗಳನ್ನು ಹೊರಗಟ್ಟಿದರು ಎನ್ನುವುದೂ ತಪ್ಪು. ಅವರ ಸಂಪುಟದಲ್ಲಿ ಲಿಂಗಾಯತರೂ ಒಕ್ಕಲಿಗರೂ ಇದ್ದರು. ಕಂದಾಯ ಖಾತೆಯನ್ನು ನಿರ್ವಹಿಸಿದ ಹುಚ್ಚಮಾಸ್ತಿಗೌಡರೇ ಇದಕ್ಕೆ ಉದಾಹರಣೆ. ಅಧಿಕಾರ ಯಾರ ಮನೆಯ ಆಸ್ತಿಯೂ ಅಲ್ಲ ಎಂಬ ಸಂದೇಹವನ್ನು ಅವರು ಹುಟ್ಟಿಸಿದರು, ಆ ಸಂದೇಹ ಮುಂದೆ ಹೋಗಲೇ ಇಲ್ಲ.

ಈಗ ಭೂಮಿಯ ವಿಚಾರ. ‘ಉಳುವವನೇ ಹೊಲದೊಡೆಯ’ ಎಂಬ ಮಾತನ್ನು ಅರಸು ಕಂಡುಹಿಡಿಯಲಿಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಹೂಡಿದ ಸತ್ಯಾಗ್ರಹ, ಅದರ ಹಿಂದಿದ್ದ ಸಮಾಜವಾದಿಗಳು, ಕಂದಾಯ ಸಚಿವರಾಗಿ ಗೇಣಿ ಶಾಸನಗಳಿಗೆ ದುಡಿದ ಕಡಿದಾಳ್ ಮಂಜಪ್ಪ, ಕರಾವಳಿಯ ಕಮ್ಯುನಿಸ್ಟರು, ಇವರೆಲ್ಲ ಆ ಮಾತನ್ನು ದಶಕಗಳ ಕಾಲ ಜೀವಂತವಾಗಿಟ್ಟಿದ್ದರು. ಭೂಸುಧಾರಣಾ ಕಾಯ್ದೆಯೂ ಹೊಸದಲ್ಲ. ಅದು 1961ರದು, ಜಾರಿಗೆ ಬಂದದ್ದು 1965ರಲ್ಲಿ. ಆದರೆ ಆ ಕಾಯ್ದೆಯಲ್ಲಿ, ಸ್ವಂತ ಸಾಗುವಳಿಗೆ ಬೇಕು ಎಂದು ಹೇಳಿ ಧಣಿಗಳು ಗೇಣಿದಾರನನ್ನು ಎಬ್ಬಿಸಲು ಅವಕಾಶವಿತ್ತು, ತಕರಾರುಗಳು ಸಿವಿಲ್ ನ್ಯಾಯಾಲಯದ ದಾರಿ ಹಿಡಿಯುತ್ತಿದ್ದವು, ಆ ದಾರಿಯಲ್ಲಿ ಗೇಣಿದಾರನ ಚೀಲ ಮೊದಲು ಖಾಲಿಯಾಗುತ್ತಿತ್ತು.

ಅರಸು ಸರ್ಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಅದರ ಹೃದಯ ಇರುವುದು ಒಂದೇ ಸೂತ್ರದಲ್ಲಿ: ಆ ದಿನದಂದು ಗೇಣಿಯಲ್ಲಿದ್ದ ಭೂಮಿಯೆಲ್ಲ ಸರ್ಕಾರದ್ದಾಯಿತು. ಹಾಗಾದ ಮೇಲೆ ಉಳುವವನು ಧಣಿಯೊಂದಿಗೆ ಜಗಳವಾಡಬೇಕಾಗಿಲ್ಲ. ಸರ್ಕಾರಕ್ಕೆ ಅರ್ಜಿ ಹಾಕಿ ಅಧಿಭೋಗದ (ಭೂಮಿಯನ್ನು ಸ್ವಂತವಾಗಿ ಅನುಭವಿಸುವ) ಹಕ್ಕನ್ನು ನೋಂದಾಯಿಸಿಕೊಂಡರೆ ಸಾಕು. ಆ ಅರ್ಜಿಯೇ ಫಾರಂ ನಂಬರ್ 7, ನಿಮ್ಮ ಕಡೆಯ ‘ಡಿಕ್ಲರೇಷನ್’. ಅರ್ಜಿಯನ್ನು ವಿಚಾರಿಸಲು ತಾಲ್ಲೂಕು ಮಟ್ಟದಲ್ಲಿ ಭೂನ್ಯಾಯಮಂಡಳಿಗಳು ಬಂದವು. ಉಪವಿಭಾಗದ ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು; ಸರ್ಕಾರ ನೇಮಿಸಿದ, ಅಧಿಕಾರಿಗಳಲ್ಲದ ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು. ಮಂಡಳಿಯ ಮುಂದೆ ವಕೀಲರು ಹಾಜರಾಗುವಂತಿರಲಿಲ್ಲ. ಮಂಡಳಿಯ ತೀರ್ಪಿನ ಮೇಲೆ ಮೇಲ್ಮನವಿ ಇರಲಿಲ್ಲ; ಹೈಕೋರ್ಟಿಗೆ ರಿಟ್ ಅರ್ಜಿಯೊಂದೇ ಉಳಿದ ದಾರಿ.

ಕಾನೂನು ಬಲ್ಲವರಿಗೆ ಇದರಲ್ಲಿ ಹುಳುಕು ಕಾಣುತ್ತದೆ, ಕಂಡಿತು ಕೂಡ. ಆದರೆ ಆ ಕಾಲದ ಕರಾವಳಿಯ ಗೇಣಿದಾರನ ಸ್ಥಿತಿಯನ್ನು ನೆನೆದು ನೋಡಿ. ಮೂಲಗೇಣಿಯವನಿಗೆ ಶಾಶ್ವತ ಹಕ್ಕಾದರೂ ಇತ್ತು. ಚಾಲಗೇಣಿಯವನು ವರ್ಷ ವರ್ಷವೂ ಧಣಿಯ ಮರ್ಜಿಯಲ್ಲಿ ಇರುವವನು. ಗೇಣಿ ಕೊಡುವುದು ಅಕ್ಕಿಯ ಮುಡಿಗಳಲ್ಲಿ (ಹುಲ್ಲಿನಲ್ಲಿ ಕಟ್ಟಿದ ಮೂಟೆಗಳಲ್ಲಿ), ಒಪ್ಪಂದ ಬಾಯಿಮಾತಿನಲ್ಲಿ, ಕೈಯಲ್ಲಿ ಒಂದು ಚೀಟಿಯೂ ಇಲ್ಲ. ಇಂಥವನು ಸಾಕ್ಷ್ಯ ಶಾಸನದ ಪ್ರಕಾರ ನ್ಯಾಯಾಲಯದಲ್ಲಿ ಏನನ್ನು ರುಜುವಾತುಪಡಿಸಬಲ್ಲ? ನೆರೆಕರೆಯವರನ್ನು ಕರೆದು, ಈ ಗದ್ದೆಯಲ್ಲಿ ಉತ್ತವನು ಯಾರು ಎಂದು ಕೇಳುವ ಮಂಡಳಿಯ ಮುಂದೆ ಮಾತ್ರ ಅವನ ಬಾಯಿಗೆ ಬೆಲೆ. ಅರ್ಜಿ ಹಾಕಲು ಮೊದಲು ಕೊಟ್ಟ ಗಡುವು 1974ರ ಡಿಸೆಂಬರ್ ಅಂತ್ಯ. ಅದನ್ನು ಮತ್ತೆ ಮತ್ತೆ ಮುಂದೂಡಿ ಕೊನೆಗೆ 1979ರ ಜೂನ್ 30ಕ್ಕೆ ನಿಲ್ಲಿಸಲಾಯಿತು. ಈ ಮುಂದೂಡಿಕೆಯನ್ನು ಆಡಳಿತದ ಸಡಿಲತೆ ಎಂದು ಕೆಲವರು ಬರೆದಿದ್ದಾರೆ. ನಾನು ಒಪ್ಪುವುದಿಲ್ಲ. ಧಣಿಯ ಎದುರು ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ಧೈರ್ಯ ಎಲ್ಲರಿಗೂ ಮೊದಲ ವರ್ಷವೇ ಬರುವುದಿಲ್ಲ; ಪಕ್ಕದ ಮನೆಯವನಿಗೆ ಆದೇಶ ಕೈಸೇರಿದ್ದನ್ನು ಕಂಡ ಮೇಲೆ ಬರುತ್ತದೆ. ಒಟ್ಟು ಎಂಟು ಲಕ್ಷಕ್ಕೂ ಮಿಕ್ಕಿ ಅರ್ಜಿಗಳು ಬಂದವು; ಅರ್ಧಕ್ಕಿಂತ ಹೆಚ್ಚು ಅರ್ಜಿಗಳು ಗೇಣಿದಾರರ ಪರವಾಗಿ ತೀರ್ಮಾನವಾದವು.

ಹಾಗಾದರೆ ಇದು ದೆಹಲಿಯ ಕಾರ್ಯಕ್ರಮವೇ? ಇಂದಿರಾ ಅವರ ಇಪ್ಪತ್ತು ಅಂಶಗಳ ಕಾರ್ಯಕ್ರಮ ಪ್ರಕಟವಾದದ್ದು 1975ರ ಜುಲೈ 1ರಂದು. ಕರ್ನಾಟಕದ ತಿದ್ದುಪಡಿ ಅದಕ್ಕಿಂತ ಹದಿನಾರು ತಿಂಗಳು ಮುಂಚಿನದು. ‘ಗರೀಬಿ ಹಠಾವೋ’ ಘೋಷಣೆ ದೇಶಕ್ಕೆಲ್ಲ ಒಂದೇ ಆಗಿತ್ತು, ಭೂಮಿತಿಯ (ಒಂದು ಕುಟುಂಬ ಇಟ್ಟುಕೊಳ್ಳಬಹುದಾದ ಗರಿಷ್ಠ ಭೂಮಿಯ) ಮಾರ್ಗಸೂಚಿಗಳೂ ಎಲ್ಲ ರಾಜ್ಯಗಳಿಗೂ ಹೋಗಿದ್ದವು. ಆದರೆ ಕಾಂಗ್ರೆಸ್ ಆಳುತ್ತಿದ್ದ ಬಹುತೇಕ ರಾಜ್ಯಗಳಲ್ಲಿ ಕಾಯ್ದೆ ಪುಸ್ತಕದಲ್ಲೇ ಉಳಿಯಿತು. ಕೇರಳದಲ್ಲಿ ಅದನ್ನು ಜಾರಿಗೆ ತರಲು ಕಮ್ಯುನಿಸ್ಟ್ ಚಳವಳಿಯ ಬಲವಿತ್ತು. ಇಲ್ಲಿ ಅಂಥ ರಾಜ್ಯವ್ಯಾಪಿ ಚಳವಳಿಯೇ ಇರದೆ, ಕೇವಲ ಸರ್ಕಾರ ನೇಮಿಸಿದ ಮಂಡಳಿಗಳ ಮೂಲಕ ಕೆಲಸ ನಡೆಯಿತು. ಕರಾವಳಿಯವರೇ ಆದ ಬಿ. ಸುಬ್ಬಯ್ಯ ಶೆಟ್ಟಿ ಭೂಸುಧಾರಣೆಯ ಸಚಿವರಾಗಿ, ಸ್ವತಃ ಭೂಮಾಲೀಕ ವರ್ಗದಿಂದ ಬಂದಿದ್ದೂ, ಮಂಡಳಿಗಳ ಹಿಂದೆ ಬಿದ್ದು ಕೆಲಸ ಮಾಡಿಸಿದರು. ದೆಹಲಿಯ ಪಾಲು ಇರುವುದು ಬೇರೊಂದು ಕಡೆ: ಇಂದಿರಾ ಅವರ ಬೆಂಬಲ ಇರುವವರೆಗೆ ಅರಸು ಅವರನ್ನು ಸ್ವಪಕ್ಷದ ಭೂಮಾಲೀಕ ಶಾಸಕರು ಅಲುಗಿಸಲಾರದೆ ಹೋದರು.

ಈ ಸುಧಾರಣೆಯ ಮಿತಿಗಳನ್ನು ಮುಚ್ಚಿಡಬಾರದು. ಗೇಣಿ ಪದ್ಧತಿ ದಟ್ಟವಾಗಿದ್ದದ್ದು ಕರಾವಳಿಯಲ್ಲಿ ಮತ್ತು ಮಲೆನಾಡಿನಲ್ಲಿ. ಫಲವೂ ಹೆಚ್ಚು ಅಲ್ಲಿಯೇ ಬಂತು. ಬಯಲುಸೀಮೆಯ ಸ್ವಂತ ಸಾಗುವಳಿಯ ರೈತನಿಗೆ ಇದರಿಂದ ಹೋದದ್ದೂ ಕಡಿಮೆ, ಬಂದದ್ದೂ ಕಡಿಮೆ. ಐದು ಜನರ ಕುಟುಂಬಕ್ಕೆ ಹತ್ತು ಯೂನಿಟ್ ಎಂಬ ಮಿತಿ ನೀರಾವರಿ ಇಲ್ಲದ ಖುಷ್ಕಿಯಲ್ಲಿ 54 ಎಕರೆಯವರೆಗೂ ಹೋಗುತ್ತಿತ್ತು. ಹೆಚ್ಚುವರಿ ಭೂಮಿ ಎಂದು ಸರ್ಕಾರಕ್ಕೆ ದಕ್ಕಿದ್ದು ಅತ್ಯಲ್ಪ. ಗೇಣಿಯೂ ಇಲ್ಲದ ಕೂಲಿಯಾಳಿಗೆ, ಅಂದರೆ ಬಹುಪಾಲು ದಲಿತ ಕುಟುಂಬಗಳಿಗೆ, ವಾಸದ ಮನೆಯ ಅಡಿಸ್ಥಳದ ಹಕ್ಕಿಗಿಂತ ಹೆಚ್ಚಿನದೇನೂ ಈ ಕಾಯ್ದೆಯಿಂದ ಸಿಗಲಿಲ್ಲ. ಇನ್ನೊಂದು ಕಡೆ, ಧಣಿ ಎಂಬ ಹೆಸರಿನಲ್ಲಿ ಎರಡು ಮೂರು ಎಕರೆ ಗೇಣಿಯನ್ನೇ ನಂಬಿದ್ದ ವಿಧವೆಯರು, ಮುಂಬಯಿಗೆ ದುಡಿಯಲು ಹೋದವರು, ಶಾಲಾ ಮಾಸ್ತರರು ಕೂಡ ದೊಡ್ಡ ಜಮೀನ್ದಾರನೊಂದಿಗೆ ಒಂದೇ ತಕ್ಕಡಿಯಲ್ಲಿ ತೂಗಲ್ಪಟ್ಟರು. ದೇವಸ್ಥಾನಗಳ ಗದ್ದೆಗಳು ಹೋಗಿ ತಸ್ತೀಕಿನ (ಸರ್ಕಾರ ಕೊಡುವ ವಾರ್ಷಿಕ ಹಣದ) ಸಣ್ಣ ಮೊತ್ತ ಉಳಿಯಿತು. ನಿಮ್ಮ ಊರಿನಲ್ಲಿಯೇ ಅರಸು ಅವರ ಹೆಸರು ಕೇಳಿದರೆ ಮುಖ ತಿರುಗಿಸುವ ಮನೆಗಳೂ ಇರಬಹುದು; ಅವರ ಸಿಟ್ಟು ಸುಳ್ಳಲ್ಲ.

ಭೂಮಿಯಷ್ಟೇ ಆಳಕ್ಕೆ ಹೋದ ಇನ್ನೊಂದು ಕೆಲಸ ಹಿಂದುಳಿದ ವರ್ಗಗಳ ಮೀಸಲಾತಿ. ಅದಕ್ಕೂ ಇಲ್ಲಿ ಹಳೆಯ ಬೇರು ಇದೆ: ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ನೇಮಿಸಿದ ಮಿಲ್ಲರ್ ಸಮಿತಿ. ಆದರೆ 1962ರಲ್ಲಿ ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮೈಸೂರು ರಾಜ್ಯದ ಶೇ 68ರ ಮೀಸಲಾತಿ ಆದೇಶವನ್ನು ರದ್ದು ಮಾಡಿ, ಜಾತಿಯೊಂದನ್ನೇ ಅಳತೆಗೋಲು ಮಾಡಬಾರದು ಎಂದು ಹೇಳಿತ್ತು. ಆದ್ದರಿಂದ ಅರಸು ಅವಸರದ ಆದೇಶ ಹೊರಡಿಸದೆ 1972ರಲ್ಲಿ ವಕೀಲ ಎಲ್.ಜಿ. ಹಾವನೂರ ಅವರ ಅಧ್ಯಕ್ಷತೆಯಲ್ಲಿ ಆಯೋಗ ನೇಮಿಸಿದರು. ಆಯೋಗ ಎಸ್.ಎಸ್.ಎಲ್.ಸಿ. ಫಲಿತಾಂಶಗಳನ್ನೂ ಸರ್ಕಾರಿ ನೌಕರಿಯ ಅಂಕಿ ಅಂಶಗಳನ್ನೂ ಜಾತಿವಾರು ಅಳೆದು 1975ರ ನವೆಂಬರ್‌ನಲ್ಲಿ ವರದಿ ಕೊಟ್ಟಿತು. ಲಿಂಗಾಯತರು ಹಿಂದುಳಿದವರಲ್ಲ ಎಂದ ಕಾರಣಕ್ಕೆ ವರದಿಯ ಮೇಲೆ ಬಿರುಗಾಳಿಯೆದ್ದಿತು. 1977ರ ಫೆಬ್ರವರಿಯ ಆದೇಶದಲ್ಲಿ ಅರಸು ವರದಿಯನ್ನು ತಿದ್ದಿಕೊಂಡರು: ಆಯೋಗ ಬಿಟ್ಟಿದ್ದ ಮುಸ್ಲಿಮರನ್ನು ಸೇರಿಸಿದರು, ಜಾತಿ ಯಾವುದೇ ಇರಲಿ ಬಡವರಾದವರಿಗೆ ವಿಶೇಷ ಗುಂಪನ್ನು ಮಾಡಿದರು. ಈ ಕಥೆಯಲ್ಲಿ ಒಂದು ವ್ಯಂಗ್ಯವಿದೆ. ಆ ಪಟ್ಟಿಯಲ್ಲಿ ಅರಸು ಸಮುದಾಯವೂ ಇತ್ತು. ಮುಂದೆ ಹೈಕೋರ್ಟ್ ಪಟ್ಟಿಯಿಂದ ಕಿತ್ತುಹಾಕಿದ ಹೆಸರುಗಳಲ್ಲಿ ಅದೂ ಒಂದು. ತಮ್ಮವರಿಗೇನೂ ಉಳಿಯದ ಪಟ್ಟಿಯಿಂದಲೇ ಅವರಿಗೆ ಹಿಂದುಳಿದ ವರ್ಗಗಳ ಹರಿಕಾರ ಎಂಬ ಹೆಸರು ಬಂತು.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಯಿತು. ಋಣ ಪರಿಹಾರ ಕಾಯ್ದೆ, ಜೀತವಿಮುಕ್ತಿ, ತಲೆಯ ಮೇಲೆ ಮಲ ಹೊರುವ ಪದ್ಧತಿಯ ನಿಷೇಧ, ಜನತಾ ಮನೆಗಳು ಅದೇ ಕಾಲದವು. ಮಲ ಹೊರುವ ಪದ್ಧತಿಯ ವಿರುದ್ಧ ನಿಂತ ಸಚಿವ ಬಿ. ಬಸವಲಿಂಗಪ್ಪನವರು 1973ರ ಕೊನೆಯಲ್ಲಿ ಮೈಸೂರಿನ ಸಭೆಯೊಂದರಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾ ಹೆಚ್ಚು ಎಂಬರ್ಥದ ಮಾತಾಡಿ ಗಲಭೆಯೆದ್ದಾಗ, ಅರಸು ತಮ್ಮ ಈ ಸಚಿವರನ್ನು ಉಳಿಸಿಕೊಳ್ಳಲಿಲ್ಲ. ಬಸವಲಿಂಗಪ್ಪ ರಾಜೀನಾಮೆ ಕೊಟ್ಟರು. ಅರಸು ಅವರ ಧೈರ್ಯಕ್ಕೆ ಲೆಕ್ಕಾಚಾರದ ಒಂದು ಗಡಿ ಇತ್ತು ಎಂಬುದಕ್ಕೆ ಈ ಪ್ರಸಂಗವನ್ನು ನಾನು ಸದಾ ನೆನೆಯುತ್ತೇನೆ. ತುರ್ತು ಪರಿಸ್ಥಿತಿಯ ವರ್ಷಗಳಲ್ಲಿ ಬೆಂಗಳೂರಿನ ಸೆರೆಮನೆಯಲ್ಲಿ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಇದ್ದರು. ಅದೇ ಸೆರೆಮನೆಯಲ್ಲಿ ಆರೋಗ್ಯ ಕಳೆದುಕೊಂಡ ಕಲಾವಿದೆ ಸ್ನೇಹಲತಾ ರೆಡ್ಡಿ 1977ರ ಜನವರಿಯಲ್ಲಿ, ಬಿಡುಗಡೆಯಾದ ಸ್ವಲ್ಪವೇ ದಿನಗಳಲ್ಲಿ, ತೀರಿಕೊಂಡರು. ಭೂನ್ಯಾಯಮಂಡಳಿಗಳು ಚುರುಕಾಗಿ ಕೆಲಸ ಮಾಡಿದ ಕಾಲವೂ ಅದೇ. ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟರೆ ಅರಸು ಆಡಳಿತದ ಚಿತ್ರ ಸುಳ್ಳಾಗುತ್ತದೆ.

ಭ್ರಷ್ಟಾಚಾರದ ಆರೋಪವೂ ಸಣ್ಣದಲ್ಲ. 1977ರಲ್ಲಿ ಕೇಂದ್ರಕ್ಕೆ ಬಂದ ಜನತಾ ಸರ್ಕಾರ ನ್ಯಾಯಮೂರ್ತಿ ಎ.ಎನ್. ಗ್ರೋವರ್ ಆಯೋಗವನ್ನು ನೇಮಿಸಿತು. ಒಂದು ರಾಜ್ಯದ ಮುಖ್ಯಮಂತ್ರಿಯ ಮೇಲೆ ಕೇಂದ್ರ ಆಯೋಗ ನೇಮಿಸಬಹುದೇ ಎಂದು ರಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. ನೇಮಿಸಬಹುದು ಎಂದು ಏಳು ನ್ಯಾಯಮೂರ್ತಿಗಳ ಪೀಠದ ಬಹುಮತ ಹೇಳಿತು. ಆಯೋಗ ಕೆಲವು ಆರೋಪಗಳಲ್ಲಿ ಅರಸು ಅವರ ತಪ್ಪನ್ನು ಎತ್ತಿಹಿಡಿಯಿತು. ಭೂಮಿ, ಜಾತಿ ಎಂಬ ಬಲವಿಲ್ಲದವನು ರಾಜಕೀಯ ನಡೆಸಲು ಹಣದ ಬಲವನ್ನು ಕೂಡಿಹಾಕಬೇಕಾಯಿತು ಎಂದು ಅವರ ಅಭಿಮಾನಿಗಳು ಸಮರ್ಥಿಸುತ್ತಾರೆ. ಅದು ಕಾರಣವಾಗಬಹುದು, ಸಮರ್ಥನೆಯಾಗಲಾರದು.

1977ರ ಲೋಕಸಭಾ ಚುನಾವಣೆಯಲ್ಲಿ ಉತ್ತರ ಭಾರತದಲ್ಲೆಲ್ಲ ಕಾಂಗ್ರೆಸ್ ನೆಲಕಚ್ಚಿದಾಗ ಕರ್ನಾಟಕ 28ರಲ್ಲಿ 26 ಸ್ಥಾನ ಕೊಟ್ಟಿತು. ಆ ವರ್ಷದ ಕೊನೆಯ ದಿನ ಅರಸು ಸರ್ಕಾರ ವಜಾ ಆಯಿತು. ಎರಡೇ ತಿಂಗಳಲ್ಲಿ, ಮತ್ತೆ ಒಡೆದಿದ್ದ ಕಾಂಗ್ರೆಸ್‌ನ ಇಂದಿರಾ ಬಣವನ್ನು ಹೊತ್ತು, ‘ಕೈ’ ಎಂಬ ಹೊಚ್ಚಹೊಸ ಗುರುತಿನೊಂದಿಗೆ 224ರಲ್ಲಿ 149 ಸ್ಥಾನ ಗೆದ್ದು ಅವರು ಮರಳಿ ಬಂದರು. ನವೆಂಬರ್‌ನಲ್ಲಿ ಚಿಕ್ಕಮಗಳೂರಿನ ಉಪಚುನಾವಣೆಗೆ ಇಂದಿರಾ ಅವರನ್ನು ಕರೆತಂದು, ಎದುರು ನಿಂತ ವೀರೇಂದ್ರ ಪಾಟೀಲರನ್ನು 77 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿ ಲೋಕಸಭೆಗೆ ಕಳಿಸಿದರು. ಆಸರೆ ಯಾರಿಗೆ ಯಾರದು ಎಂಬ ಪ್ರಶ್ನೆ ಹುಟ್ಟಿದ್ದು ಆ ಗೆಲುವಿನಲ್ಲೇ. ಆಸರೆ ಪಡೆದವರಿಗೆ ಆಸರೆ ಕೊಟ್ಟವನನ್ನು ಸಹಿಸುವುದು ಕಷ್ಟ. ಸಂಜಯ್ ಗಾಂಧಿಯವರು ಪಕ್ಷದಲ್ಲಿ ಮತ್ತೆ ತಲೆಯೆತ್ತಿದ್ದು ಅರಸು ಅವರಿಗೆ ಸಹ್ಯವಾಗಲಿಲ್ಲ. ಮುಖ್ಯಮಂತ್ರಿಯಾಗಿದ್ದೂ ಪ್ರದೇಶ ಕಾಂಗ್ರೆಸ್ ಅಧ್ಯಕ್ಷ ಸ್ಥಾನವನ್ನು ಅರಸು ಬಿಡದಿದ್ದುದು ದೆಹಲಿಗೆ ಸಹ್ಯವಾಗಲಿಲ್ಲ. 1979ರ ಜೂನ್‌ನಲ್ಲಿ ಅವರನ್ನು ಪಕ್ಷದಿಂದ ಹೊರಹಾಕಲಾಯಿತು. ಅವರು ಇಂದಿರಾ ವಿರೋಧಿ ಕಾಂಗ್ರೆಸ್‌ನ ರಾಷ್ಟ್ರೀಯ ಅಧ್ಯಕ್ಷರಾದರು, ಆ ಪಕ್ಷಕ್ಕೆ ಕಾಂಗ್ರೆಸ್ (ಅರಸು) ಎಂಬ ಹೆಸರೇ ಬಂತು.

1980ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳಲ್ಲಿ 27 ಇಂದಿರಾ ಕಾಂಗ್ರೆಸ್ಸಿಗೆ ಹೋದವು. ಉಳಿದ ಒಂದು ಸ್ಥಾನ, ಬೆಂಗಳೂರು ದಕ್ಷಿಣ, ಜನತಾ ಪಕ್ಷದ ಟಿ.ಆರ್. ಶಾಮಣ್ಣ ಅವರದು. ಅರಸು ಪಕ್ಷಕ್ಕೆ ಸೊನ್ನೆ. ಆದರೆ ಒಂದು ಸಂಗತಿಯನ್ನು ನೀವು ಗಮನಿಸಬೇಕು. ಅದು ವಿಧಾನಸಭಾ ಚುನಾವಣೆಯಾಗಿರಲಿಲ್ಲ. ನಿಮ್ಮ ಅಜ್ಜನ ಮುಂದಿದ್ದ ಪ್ರಶ್ನೆ ದೆಹಲಿಯಲ್ಲಿ ಯಾರು ಆಳಬೇಕು ಎಂಬುದೇ ಹೊರತು ಅರಸು ಮುಖ್ಯಮಂತ್ರಿಯಾಗಿ ಇರಬೇಕೇ ಎಂಬುದಲ್ಲ. ಮೂರು ವರ್ಷಗಳಲ್ಲಿ ಎರಡು ಸರ್ಕಾರಗಳು ಬಿದ್ದುದನ್ನು ಕಂಡ ಮತದಾರನಿಗೆ ದೆಹಲಿಯ ಮಟ್ಟಿಗೆ ಅರಸು ಪಕ್ಷ ಒಂದು ಆಯ್ಕೆಯೇ ಆಗಿರಲಿಲ್ಲ. ಅರಸು ಅವರನ್ನು ಕುರ್ಚಿಯಿಂದ ಇಳಿಸಿದವರು ಶಾಸಕರು. ಫಲಿತಾಂಶ ಹೊರಬಿದ್ದ ಕೆಲವೇ ದಿನಗಳಲ್ಲಿ ಅವರು ಸಾಲುಗಟ್ಟಿ ಪಕ್ಷ ಬದಲಿಸಿದರು. ಪಕ್ಷಾಂತರ ನಿಷೇಧ ಕಾಯ್ದೆ ಬರಲು ಆಗಿನ್ನೂ ಐದು ವರ್ಷ ಬಾಕಿ ಇತ್ತು. ಅರಸು ಸಂಪುಟದಲ್ಲೇ ಸಚಿವರಾಗಿದ್ದ ಆರ್. ಗುಂಡೂರಾವ್ ಜನವರಿ 12ರಂದು ಮುಖ್ಯಮಂತ್ರಿಯಾದರು. ಅರಸು ಬೆಳೆಸಿದ ಖರ್ಗೆ ಮತ್ತು ಮೊಯಿಲಿ ಇಬ್ಬರೂ ಆ ಹೊಸ ಸಂಪುಟದಲ್ಲಿದ್ದರು.

ಅವರನ್ನು ದ್ರೋಹಿಗಳೆನ್ನುವುದು ಸುಲಭ. ಆದರೆ ಅರಸು ಅವರೂ 1969ರಲ್ಲಿ ತಮ್ಮನ್ನು ಮಂತ್ರಿ ಮಾಡಿದ ನಿಜಲಿಂಗಪ್ಪನವರನ್ನು ಬಿಟ್ಟು ಇದೇ ಲೆಕ್ಕಾಚಾರದಿಂದ ದೆಹಲಿಯ ಕಡೆ ನಡೆದಿದ್ದರು. ಎಂಟು ವರ್ಷ ಅವರು ಮಂಡಳಿಗಳಿಗೆ ಸದಸ್ಯರನ್ನು ನೇಮಿಸಿದರು, ನಿಗಮಗಳಿಗೆ ಅಧ್ಯಕ್ಷರನ್ನು ನೇಮಿಸಿದರು, ಕ್ಷೇತ್ರಗಳಿಗೆ ಅಭ್ಯರ್ಥಿಗಳನ್ನು ನೇಮಿಸಿದರು. ನೇಮಕದ ಹಕ್ಕು ಇರುವವರೆಗೆ ಎಲ್ಲರೂ ಇದ್ದರು. ಭೂಮಿ ಪಡೆದ ಲಕ್ಷಾಂತರ ಕುಟುಂಬಗಳನ್ನು ಒಂದು ರೈತ ಸಂಘಟನೆಯಾಗಿ, ಚುನಾಯಿತ ಸಮಿತಿಗಳುಳ್ಳ ಒಂದು ಪಕ್ಷವಾಗಿ ಕೂಡಿಸುವ ಕೆಲಸ ಆ ವರ್ಷಗಳಲ್ಲಿ ನಡೆಯಲಿಲ್ಲ. ಆದೇಶ ಪತ್ರ ಹಿಡಿದು ಮನೆಗೆ ಹೋದ ಗೇಣಿದಾರನಿಗೆ ಸರ್ಕಾರದೊಂದಿಗಿನ ವ್ಯವಹಾರ ಅಲ್ಲಿಗೆ ಮುಗಿದಿತ್ತು.

ಅಧಿಕಾರ ಹೋದ ಮೇಲೆ ಅರಸು ಪ್ರಾದೇಶಿಕ ಪಕ್ಷದ ದಾರಿ ಹಿಡಿದು ಕರ್ನಾಟಕ ಕ್ರಾಂತಿರಂಗವನ್ನು ಕಟ್ಟಲು ಹೊರಟರು. ಗುಂಡೂರಾವ್ ಅವರಿಂದ ದೂರವಾಗಿದ್ದ ಎಸ್. ಬಂಗಾರಪ್ಪ ಜೊತೆಗೂಡಿದರು. 1982ರ ಜೂನ್ 6ರಂದು ಅರಸು ತೀರಿಕೊಂಡರು. ಏಳು ತಿಂಗಳ ನಂತರ, 1983ರ ಜನವರಿಯ ಚುನಾವಣೆಯಲ್ಲಿ ಜನತಾ ಪಕ್ಷ ಮತ್ತು ಕ್ರಾಂತಿರಂಗದ ಕೂಟ 95 ಸ್ಥಾನ ಗೆದ್ದು, ಕಾಂಗ್ರೆಸ್ 82ಕ್ಕೆ ಇಳಿದು, ರಾಜ್ಯದಲ್ಲಿ ಮೊದಲ ಕಾಂಗ್ರೆಸ್ಸೇತರ ಸರ್ಕಾರ ರಾಮಕೃಷ್ಣ ಹೆಗಡೆ ಅವರ ನೇತೃತ್ವದಲ್ಲಿ ಬಂತು.

ಆ ಚುನಾವಣೆಯಲ್ಲಿ ಭಾರತೀಯ ಜನತಾ ಪಕ್ಷಕ್ಕೂ 18 ಸ್ಥಾನಗಳು ಬಂದವು, ಅವುಗಳಲ್ಲಿ ಹಲವು ನಿಮ್ಮ ಕರಾವಳಿಯವು, ಡಿಕ್ಲರೇಷನ್‌ನಿಂದ ಗದ್ದೆ ಪಡೆದ ಮನೆಗಳು ತುಂಬಿರುವ ಕ್ಷೇತ್ರಗಳವು. ನಿಮ್ಮ ಅಜ್ಜ 1980ರಲ್ಲಿ ಯಾರಿಗೆ ಮತ ಹಾಕಿದರು ಎಂಬುದನ್ನು ನೀವು ಬರೆದಿದ್ದೀರಿ. 1983ರಲ್ಲಿ ಯಾರಿಗೆ ಹಾಕಿದರು ಎಂಬುದನ್ನು ಬರೆದಿಲ್ಲ. ಮನೆಯಲ್ಲಿ ಹಿರಿಯರು ಯಾರಾದರೂ ಇದ್ದರೆ ಅದನ್ನೂ ಕೇಳಿ ನೋಡಿ.